ಅರೇ, ಸೆಟ್, ಮ್ಯಾಪ್, ಆಬ್ಜೆಕ್ಟ್: ಎಲ್ಲಕ್ಕೂ ಒಂದೇ ಲೂಪ್

ಚಿಕ್ಕಪೇಟೆಯ ಒಂದು ಸೀರೆ ಅಂಗಡಿಗೆ ಜಾವಾಸ್ಕ್ರಿಪ್ಟ್‌ನಲ್ಲಿ ಸ್ಟಾಕ್ ನೋಡುವ ಸ್ಕ್ರೀನ್ ಮಾಡಿಕೊಡುತ್ತಿದ್ದೆವು. ಸೀರೆಗಳ ಪಟ್ಟಿ ಅರೇ. ಆರಿಸಿದ ಬಣ್ಣಗಳು ಸೆಟ್, ಅಂದರೆ ಒಂದೇ ವ್ಯಾಲ್ಯೂ ಎರಡು ಸಲ ಇರದ ಗುಂಪು. ಏರಿಯಾವಾರು ಡೆಲಿವರಿ ಚಾರ್ಜ್ ಆಬ್ಜೆಕ್ಟ್, ಅಂದರೆ ಒಂದೊಂದು ಹೆಸರಿಗೆ (ಕೀ) ಒಂದೊಂದು ವ್ಯಾಲ್ಯೂ. ಕ್ಲಾಸ್ ಹೆಸರು ಹಿಡಿದು ಪೇಜಿನಿಂದ ತೆಗೆದ ಬಟನ್‌ಗಳು ಎಚ್‌ಟಿಎಂಎಲ್ ಕಲೆಕ್ಷನ್, ಅದಕ್ಕೆ ಅರೇಗೆ ಇರುವಂಥ ಫಾರ್‌ಈಚ್ (ಒಂದೊಂದು ಅಂಶಕ್ಕೂ ಫಂಕ್ಷನ್ ನಡೆಸುವ ಲೂಪ್) ಇಲ್ಲವೇ ಇಲ್ಲ. ಒಂದೊಂದಕ್ಕೂ ಒಂದೊಂದು ತರಹದ ಲೂಪ್. ಸಾಕಪ್ಪಾ ಅನ್ನಿಸಿ, ಇವುಗಳಲ್ಲಿ ಯಾವುದನ್ನು ಕೊಟ್ಟರೂ ಸುತ್ತುವ 'ಈಚ್' ಅಂತ ಒಂದು ಚಿಕ್ಕ ಫಂಕ್ಷನ್ ಬರೆದುಕೊಂಡೆ. ಜೆಕ್ವೆರಿ, ಲೋಡ್ಯಾಶ್ ಎರಡರಲ್ಲೂ ಇಂಥದ್ದು ಇದೆ. ಇದೊಂದಕ್ಕೆ ಲೈಬ್ರರಿ ಸೇರಿಸೋದು ಜಾಸ್ತಿಯಾಯಿತು ಅನ್ನಿಸಿತು.

ಕೋಡ್ ಹೆಚ್ಚಿಲ್ಲ. ಯಾವುದನ್ನು ಮೊದಲು ಪರೀಕ್ಷಿಸಬೇಕು ಅನ್ನೋದೇ ಇದರಲ್ಲಿರುವ ಕೆಲಸವೆಲ್ಲ. ಮೊದಲು ನಲ್, ಅನ್‌ಡಿಫೈನ್ಡ್ (ಎರಡೂ 'ಏನೂ ಇಲ್ಲ' ಅನ್ನೋ ಗುರುತು): ಬಂದರೆ ಸುಮ್ನೆ ವಾಪಸ್. ನಲ್‌ನ ಟೈಪ್ ಕೇಳಿದರೂ ಜಾವಾಸ್ಕ್ರಿಪ್ಟ್ 'ಆಬ್ಜೆಕ್ಟ್' ಅಂತಲೇ ಹೇಳುತ್ತದೆ, ಹಾಗಾಗಿ ಇದನ್ನು ಬಾಗಿಲಲ್ಲೇ ತಡೆಯಬೇಕು. ಆಮೇಲೆ ಮ್ಯಾಪ್, ಇದೂ ಕೀ, ವ್ಯಾಲ್ಯೂಗಳ ಸಂಗ್ರಹವೇ. ಅದನ್ನು ಫಾರ್-ಆಫ್ ಲೂಪ್‌ಗೆ ಕೊಟ್ಟರೆ ಕೀ, ವ್ಯಾಲ್ಯೂ ಜೋಡಿಯಾಗಿ ಬರುತ್ತವೆ. ಬಿಡಿಸಿ, ವ್ಯಾಲ್ಯೂ ಮೊದಲು, ಕೀ ಆಮೇಲೆ ಕಾಲ್‌ಬ್ಯಾಕ್‌ಗೆ, ಅಂದರೆ ಪ್ರತಿ ಸುತ್ತಿಗೂ ಕರೆಯಲು ಬಳಸುವವರು ಕೊಟ್ಟ ಫಂಕ್ಷನ್‌ಗೆ, ಕೊಡುತ್ತೇನೆ. ಮೂರನೆಯದು ಇಟರೇಟರ್ (ಅಂಶಗಳನ್ನು ಒಂದೊಂದಾಗಿ ಕೊಡುವ ವ್ಯವಸ್ಥೆ) ಇರುವ ಉಳಿದೆಲ್ಲವೂ. ಅರೇ, ಸೆಟ್, ಆ ಬಟನ್‌ಗಳು ಎಲ್ಲ ಇಲ್ಲೇ ಮುಗಿಯುತ್ತವೆ. ಕೊನೆಗೆ ಮಾಮೂಲಿ ಆಬ್ಜೆಕ್ಟ್. ಅದಕ್ಕೆ ಫಾರ್-ಇನ್ ಲೂಪ್ ಬಳಸಲಿಲ್ಲ, ಪ್ರೋಟೋಟೈಪ್‌ನಿಂದ (ಆಬ್ಜೆಕ್ಟ್‌ನ ಮೂಲ ಮಾದರಿಯಿಂದ) ಬಂದ ಕೀಗಳೂ ಅದರಲ್ಲಿ ನುಸುಳುತ್ತವೆ. ಆಬ್ಜೆಕ್ಟ್‌ನ ಸ್ವಂತ ಕೀಗಳಷ್ಟೇ ಸಾಕು.

'ಲೆಂತ್' ಇದ್ದರೆ ಅರೇ ತರಹ ಅಂದುಕೊಳ್ಳುವುದು ಹಳೆಯ ರೂಢಿ. ಸೀರೆ ಅಂಗಡಿಯಲ್ಲಿ ಇದು ನಡೆಯೋದಿಲ್ಲ! ಸೀರೆಯ ವಿವರದಲ್ಲಿ ಲೆಂತ್ 6 ಅಂತ ಇದೆ, ಅಂದರೆ ಆರು ಮೀಟರ್. ಲೋಡ್ಯಾಶ್‌ಗೆ ಅದನ್ನು ಕೊಟ್ಟರೆ ಆರು ಸಲ ಸುತ್ತಿ ಆರು ಅನ್‌ಡಿಫೈನ್ಡ್ ಕೊಡುತ್ತದೆ. ಅದರ ಕೈಪಿಡಿಯಲ್ಲೇ ಈ ಎಚ್ಚರಿಕೆ ಇದೆ. 2015ರ ಆವೃತ್ತಿಯಲ್ಲಿ ಭಾಷೆಗೆ ಇಟರೇಟರ್ ಬಂದ ಮೇಲೆ ಲೆಂತ್ ನೋಡಿ ಊಹಿಸುವ ಅಗತ್ಯವೇ ಇಲ್ಲ ಅಲ್ವಾ?

ಕೀಗಳ ಕ್ರಮದ್ದು ಇನ್ನೊಂದು ಕಥೆ. ಡೆಲಿವರಿ ಆಬ್ಜೆಕ್ಟ್‌ನಲ್ಲಿ ಪಿನ್‌ಕೋಡ್‌ಗಳೇ ಕೀ. ಜಯನಗರದ 560011, ಬಸವನಗುಡಿಯ 560004, ಮಲ್ಲೇಶ್ವರದ 560003 ಅಂತ ಬರೆದಿಟ್ಟರೂ ಲೂಪ್‌ನಲ್ಲಿ ಮಲ್ಲೇಶ್ವರವೇ ಮೊದಲು ಬರುತ್ತದೆ. ಪೂರ್ಣಾಂಕದಂತೆ ಕಾಣುವ ಕೀಗಳನ್ನು ಜಾವಾಸ್ಕ್ರಿಪ್ಟ್ ಏರಿಕೆ ಕ್ರಮದಲ್ಲೇ ಕೊಡುತ್ತದೆ. ಇದನ್ನು ನನ್ನ ಫಂಕ್ಷನ್ ಸರಿಮಾಡಲಾರದು. ಕ್ರಮ ಮುಖ್ಯವಾದ ಕಡೆ ಮ್ಯಾಪ್‌ಗೆ ಬದಲಾಯಿಸಿದೆವು, ಅದು ಹಾಕಿದ ಕ್ರಮದಲ್ಲೇ ಕೊಡುತ್ತದೆ.

ಫಾರ್‌ಈಚ್‌ನಲ್ಲಿ ಮಧ್ಯೆ ನಿಲ್ಲಿಸಲು ಬರೋದಿಲ್ಲ. ಜೆಕ್ವೆರಿಯಲ್ಲಿ ಕಾಲ್‌ಬ್ಯಾಕ್ 'ಫಾಲ್ಸ್' ಕೊಟ್ಟರೆ ಲೂಪ್ ನಿಲ್ಲುತ್ತದೆ. ನೋಡೋಕೆ ಚೆನ್ನಾಗಿದೆ. ಆದರೆ ಒಂದೇ ಸಾಲಿನ ಆ್ಯರೋ ಫಂಕ್ಷನ್ (ಆ ಸಾಲಿನ ಉತ್ತರವನ್ನು ತಾನಾಗಿಯೇ ಹಿಂದಿರುಗಿಸುವ ಚಿಕ್ಕ ಫಂಕ್ಷನ್) ಬರೆಯುವವರಿಗೆ ಇದು ಅಪಾಯ. ಒಳಗೆ ಸೆಟ್‌ನಿಂದ ಬಣ್ಣವೊಂದನ್ನು ಡಿಲೀಟ್ ಮಾಡುತ್ತಿದ್ದೀರಿ ಅಂದುಕೊಳ್ಳಿ. ಆ ಬಣ್ಣ ಇಲ್ಲದಿದ್ದರೆ ಡಿಲೀಟ್ ಕೊಡುವುದು ಫಾಲ್ಸ್. ಆ್ಯರೋ ಅದನ್ನೇ ಹಿಂದಿರುಗಿಸುತ್ತದೆ, ಲೂಪ್ ಸದ್ದಿಲ್ಲದೆ ನಿಲ್ಲುತ್ತದೆ. ಅದಕ್ಕೇ 'ಸ್ಟಾಪ್' ಅನ್ನೋ ಒಂದು ಸಿಂಬಲ್ (ಬೇರೆ ಯಾವುದಕ್ಕೂ ಸಮನಾಗದ ವ್ಯಾಲ್ಯೂ) ಮಾಡಿ, ಅದು ಬಂದರೆ ಮಾತ್ರ ನಿಲ್ಲುವಂತೆ ಬರೆದೆ.

ಸ್ಟ್ರಿಂಗ್, ಅಂದರೆ ಬರೀ ಪಠ್ಯ, ಬಂದರೆ ನನ್ನ ಫಂಕ್ಷನ್ ಎರರ್ ಎಸೆಯುತ್ತದೆ. ಟೀಮಿನಲ್ಲಿ ಇದಕ್ಕೆ ಸ್ವಲ್ಪ ವಾದವೂ ಆಯಿತು, ಸ್ಟ್ರಿಂಗ್‌ಗೂ ಇಟರೇಟರ್ ಇದೆಯಲ್ಲ ಅಂತ. ಇದೆ, ನಿಜ. ಆದರೆ 'ಬೆಂಗಳೂರು' ಅಂತ ಕೊಟ್ಟರೆ ಎಂಟು ತುಂಡು ಸಿಗುತ್ತವೆ: ಬ, ಅದರ ಎ-ಕಾರ, ಅನುಸ್ವಾರ, ಹೀಗೆ ಬಿಡಿಬಿಡಿಯಾಗಿ. ಓದುವವರಿಗೆ ಕಾಣುವುದು ನಾಲ್ಕೇ ಅಕ್ಷರ. ಆ ನಾಲ್ಕು ಬೇಕಿದ್ದರೆ ಜಾವಾಸ್ಕ್ರಿಪ್ಟ್‌ನಲ್ಲೇ ಇರುವ ಇಂಟಲ್ ಸೆಗ್ಮೆಂಟರ್ (Intl.Segmenter) ಬಳಸಬೇಕು. ಅಲ್ಲದೆ, ಬಣ್ಣಗಳ ಪಟ್ಟಿ ಬರಬೇಕಾದ ಕಡೆ ಬರೀ 'ಕೆಂಪು' ಅಂತ ಬಂದರೆ ಅದನ್ನು ಚೂರು ಮಾಡಿ ಮುಂದೆ ಹೋಗೋದಕ್ಕಿಂತ ಅಲ್ಲೇ ಕಿರುಚೋದು ವಾಸಿ.

ಸರ್ವರ್‌ಗೆ ಒಂದಾದ ಮೇಲೆ ಒಂದು ಕಳಿಸುವ ಕಡೆ ಮಾತ್ರ ಇದನ್ನು ಬಳಸೋದಿಲ್ಲ. ಕಾಲ್‌ಬ್ಯಾಕ್ ಒಳಗೆ ಅವೇಟ್ ('ಉತ್ತರ ಬರುವವರೆಗೆ ಕಾಯಿ' ಅನ್ನೋ ಪದ) ಬರೆದರೂ ಹೊರಗಿನ ಲೂಪ್ ಅದಕ್ಕೆ ಕಾಯೋದಿಲ್ಲ. ಅಲ್ಲಿ ನೇರವಾಗಿ ಫಾರ್-ಆಫ್ ಬರೆಯುತ್ತೇನೆ.