ಥೇಟ್ ಗೇಮ್‌ನಿಂದ ಎದ್ದು ಬಂದ ಹಾಗಿದ್ದೀಯ! ಹೋಲಿಕೆ ಹಿಡಿಯೋದು ಹೇಗೆ, ಫೋಟೋದಲ್ಲಿ ತೋರಿಸೋದು ಹೇಗೆ

"ಗುರು, ಇವನು ಥೇಟ್ ಜಿಟಿಎ ಟ್ರೆವರ್ ಅಲ್ವಾ?" ಅಂತ ಗುಂಪಲ್ಲಿ ಒಬ್ಬ ಹೇಳುತ್ತಾನೆ. (ಜಿಟಿಎ ಅಂದ್ರೆ ಗ್ರ್ಯಾಂಡ್ ಥೆಫ್ಟ್ ಆಟೋ ಅನ್ನುವ ಗೇಮ್, ಟ್ರೆವರ್ ಅದರ ಒಂದು ಪಾತ್ರ.) ಉಳಿದವರು ತಿರುಗಿ ನೋಡಿ "ಎಲ್ಲಿ ಮಾರಾಯ, ಒಂಚೂರೂ ಇಲ್ಲ" ಅನ್ನುತ್ತಾರೆ. ಸಾಮಾನ್ಯವಾಗಿ ಇಬ್ಬರೂ ಸರಿಯೇ. ಮೊದಲನೆಯವನು ನೋಡಿದ್ದು ಅವನು ನಿಂತ ರೀತಿ, ಮುಂದೆ ಬಾಗಿದ ಭುಜ, ಹಣೆಯಿಂದ ಹಿಂದೆ ಸರಿದ ಕೂದಲು. ಉಳಿದವರು ಮೂಗು ಕಣ್ಣು ನೋಡುತ್ತಿದ್ದಾರೆ. ಗೇಮ್ ಪಾತ್ರದ ಹೋಲಿಕೆ ಹುಡುಕುವಾಗ ಮೂಗಿಂದ ಶುರು ಮಾಡಬೇಡಿ. ಗೇಮ್ ಮಾಡುವವರೇ ಅಲ್ಲಿಂದ ಶುರು ಮಾಡುವುದು ಕಮ್ಮಿ.

ಟೀಮ್ ಫೋರ್ಟ್ರೆಸ್ 2 (2007) ತೆಗೆದುಕೊಳ್ಳಿ. ಅದರಲ್ಲಿ ಒಂಬತ್ತು ಪಾತ್ರಗಳು. ದೂರದಿಂದ ಬರೀ ಕಪ್ಪು ಆಕಾರ ಕಂಡರೂ ಎದುರಿಗೆ ಬರುತ್ತಿರುವುದು ಯಾರು ಅಂತ ಆಡುವವರಿಗೆ ಗೊತ್ತಾಗಬೇಕು ಅಂತಲೇ ಗೇಮ್ ತಯಾರಿಸಿದ ವಾಲ್ವ್ ಕಂಪನಿಯವರು ಅವನ್ನು ಬಿಡಿಸಿದ್ದು. ಹೆವಿ ಅನ್ನುವ ಪಾತ್ರಕ್ಕೆ ಅಗಲ ಎದೆ, ಸ್ಕೌಟ್ ಅನ್ನುವ ಪಾತ್ರಕ್ಕೆ ಕಡ್ಡಿ ಕಾಲು. ಮುಖ ಆಮೇಲಿನ ಮಾತು.

ನೀವೂ ಅದನ್ನೇ ಮಾಡಿ. ಆ ಗೆಳೆಯನನ್ನೋ ಗೆಳತಿಯನ್ನೋ ಬೆಳಕು ಜಾಸ್ತಿ ಇರುವ ಕಿಟಕಿಗೆ ಬೆನ್ನು ಹಾಕಿ ನಿಲ್ಲಿಸಿ, ಮೊಬೈಲ್‌ನಲ್ಲಿ ಬ್ರೈಟ್‌ನೆಸ್ ಕೆಳಗೆ ಎಳೆದು, ತಲೆಯಿಂದ ಕಾಲಿನವರೆಗೆ ಪೂರ್ತಿ ಕಪ್ಪಾಗಿ ಬರುವ ಹಾಗೆ ಒಂದು ಫೋಟೋ ತೆಗೆಯಿರಿ. ಅದನ್ನು ಏನೂ ಹೇಳದೆ ಗೇಮ್ ಆಡುವ ಇನ್ನೊಬ್ಬರಿಗೆ ಕಳಿಸಿ. "ಯಾವ ಪಾತ್ರ ನೆನಪಾಗುತ್ತೆ?" ಅಂತಷ್ಟೇ ಕೇಳಿ. ನೀವು ಹೆಸರು ಹೇಳಿಬಿಟ್ಟರೆ ಮುಗಿಯಿತು, ಆಮೇಲೆ ಎಲ್ಲರಿಗೂ ಅದೇ ಕಾಣುತ್ತೆ. ಕಿಟಕಿ ಇಲ್ಲದಿದ್ದರೆ ಇರುವ ಫೋಟೋವನ್ನೇ ವಾಟ್ಸ್ಯಾಪ್ ಡಿಪಿಯ ಅಳತೆಗೆ ಚಿಕ್ಕದು ಮಾಡಿ ನೋಡಿ. ಅಷ್ಟು ಚಿಕ್ಕದರಲ್ಲೂ ನಿಲ್ಲುವ ಹೋಲಿಕೆ ಗಟ್ಟಿ.

ಮುಂದಿನ ಪ್ರಶ್ನೆ: ಗೇಮ್ ಯಾವ ಕಾಲದ್ದು? ಇದನ್ನು ಜಾಸ್ತಿ ಜನ ಯೋಚನೆ ಮಾಡುವುದೇ ಇಲ್ಲ.

1981ರ ಡಾಂಕಿ ಕಾಂಗ್‌ನ ಮಾರಿಯೋನನ್ನು ಹತ್ತಿರದಿಂದ ನೋಡಿ. ಮುಖ ಬಿಡಿಸಲು ಇದ್ದದ್ದು ಬೆರಳೆಣಿಕೆಯ ಪಿಕ್ಸೆಲ್. ಬಾಯಿ ಬರೆಯಲು ಜಾಗ ಇರಲಿಲ್ಲ, ಹಾಗಾಗಿ ದೊಡ್ಡ ಮೂಗಿನ ಕೆಳಗೆ ಮೀಸೆ ಇಟ್ಟರು. ಹಾರುವಾಗ ಕೂದಲು ಅಲ್ಲಾಡಿಸುವುದು ಕಷ್ಟ, ಹಾಗಾಗಿ ತಲೆಗೆ ಟೋಪಿ. ಕೈ ಆಡಿಸುವುದು ಕಾಣಬೇಕು ಅಂತ ಅಂಗಿಗೊಂದು ಬಣ್ಣ, ಡಂಗ್ರಿಗೊಂದು ಬಣ್ಣ. ಅಂದ್ರೆ ಮಾರಿಯೋನ ಮುಖ ಅಂತ ನಾವು ಅಂದುಕೊಂಡಿರುವುದೇ ಟೋಪಿ, ಮೀಸೆ, ಡಂಗ್ರಿ. ದಪ್ಪ ಮೀಸೆಯ ಯಾವ ಚಿಕ್ಕಪ್ಪನಿಗೆ ಕೆಂಪು ಟೋಪಿ ಹಾಕಿದರೂ ಮಾರಿಯೋ ಆಗುವುದು ಇದಕ್ಕೇ. ಇಂಥ ಹಳೇ ಗೇಮ್‌ಗಳಲ್ಲಿ ಎರಡು ಮೂರು ಗುರುತು ಹೊಂದಿದರೆ ಸಾಕು.

ಆಮೇಲೆ ನಿಜವಾದ ಮನುಷ್ಯರು ಗೇಮ್ ಒಳಗೆ ಬಂದರು. 1992ರ ಮಾರ್ಟಲ್ ಕಾಂಬ್ಯಾಟ್‌ನಲ್ಲಿ ನಟರನ್ನು ಕ್ಯಾಮೆರಾದಲ್ಲಿ ಹಿಡಿದು ನೇರ ಗೇಮ್‌ಗೆ ಇಳಿಸಿದರು. ಜಾನಿ ಕೇಜ್, ಸ್ಕಾರ್ಪಿಯನ್, ಸಬ್ ಝೀರೋ ಮೂವರೂ ಡೇನಿಯಲ್ ಪೆಸಿನಾ ಒಬ್ಬರೇ! ಕೊನೆಯ ಇಬ್ಬರು ನಿಂಜಾಗಳು, ಅವರಿಗೆ ಮುಖದ ಮೇಲೆ ಮಾಸ್ಕ್, ಬಟ್ಟೆಯ ಬಣ್ಣ ಮಾತ್ರ ಬೇರೆ. ಹಾಗಾಗಿ ಸ್ಕಾರ್ಪಿಯನ್ ಆಗಬೇಕು ಅನ್ನುವವರಿಗೆ ಮುಖದ ಚಿಂತೆಯೇ ಬೇಡ, ಮೈಕಟ್ಟು ಮತ್ತು ಕಾಲು ಅಗಲಿಸಿ ನಿಲ್ಲುವ ರೀತಿ ಹೊಂದಿದರೆ ಆಯ್ತು.

2001ರ ಮ್ಯಾಕ್ಸ್ ಪೇನ್ ನನಗೆ ತುಂಬಾ ಇಷ್ಟದ ಉದಾಹರಣೆ. ಅದರ ಕಥೆ ಬರೆದ ಸ್ಯಾಮ್ ಲೇಕ್ ಅವರೇ ನಾಯಕನ ಮುಖವೂ ಆದರು. ಕಣ್ಣು ಕಿರಿದು ಮಾಡಿ ಹುಬ್ಬು ಗಂಟಿಕ್ಕಿದ ಆ ಮುಖ ಯಾರು ಮಾಡಿದರೂ, ಮೇಲೊಂದು ಕಪ್ಪು ಲೆದರ್ ಜಾಕೆಟ್ ಇದ್ದರೆ, ಜನ ಗುರುತು ಹಿಡಿಯುತ್ತಾರೆ. ಆದರೆ ಹುಷಾರು: 2003ರ ಎರಡನೇ ಗೇಮ್‌ನಲ್ಲಿ ಮುಖ ಟಿಮೊಥಿ ಗಿಬ್ಸ್ ಅವರದ್ದು, 2012ರ ಮೂರನೆಯದರಲ್ಲಿ ಜೇಮ್ಸ್ ಮೆಕ್‌ಕ್ಯಾಫ್ರಿ ಅವರದ್ದು. "ನೀನು ಮ್ಯಾಕ್ಸ್ ಪೇನ್ ಥರ ಇದ್ದೀಯ" ಅಂದರೆ ಯಾವ ಮ್ಯಾಕ್ಸ್ ಪೇನ್ ಅಂತ ಕೇಳುವವರು ಇದ್ದೇ ಇರುತ್ತಾರೆ.

ಹೊಸ ಗೇಮ್ ಆದರೆ ಮೊದಲು ಕ್ರೆಡಿಟ್ಸ್ ನೋಡಿ. ಮುಖ ಒಬ್ಬರದು, ಧ್ವನಿ ಇನ್ನೊಬ್ಬರದು ಇರಬಹುದು. ಹೊರೈಜನ್ ಝೀರೋ ಡಾನ್ (2017) ಗೇಮ್‌ನ ಆಲಾಯ್‌ಗೆ ಮುಖ ಕೊಟ್ಟಿದ್ದು ಡಚ್ ನಟಿ ಹನ್ನಾ ಹೂಕ್ಸ್ಟ್ರಾ, ಧ್ವನಿ ಆಶ್ಲಿ ಬರ್ಚ್. ಡೆತ್ ಸ್ಟ್ರ್ಯಾಂಡಿಂಗ್‌ನಲ್ಲಿ (2019) ಡೆಡ್‌ಮ್ಯಾನ್‌ನ ಮುಖ ನಿರ್ದೇಶಕ ಗಿಯೆರ್ಮೊ ಡೆಲ್ ಟೊರೊ ಅವರದ್ದು, ಮಾತು ಅವರದ್ದಲ್ಲ. ಇಂಥ ಪಾತ್ರಗಳಲ್ಲಿ ಹೋಲಿಕೆ ಹುಡುಕುವುದು ಅಂದ್ರೆ ಒಬ್ಬ ನಟನ ಹೋಲಿಕೆ ಹುಡುಕುವುದೇ, ಮೂಗು ಕಣ್ಣು ಕೂಡ ಹೊಂದಬೇಕಾಗುತ್ತೆ. ಕಷ್ಟ ಜಾಸ್ತಿ.

ಈಗ ಫೋಟೋ. ಪಾಸ್‌ಪೋರ್ಟ್ ಫೋಟೋ ಥರ ಎದುರಿಂದ ತೆಗೆದರೆ ಯಾವ ಹೋಲಿಕೆಯೂ ಸತ್ತುಹೋಗುತ್ತೆ. ಟ್ರೆವರ್‌ನನ್ನಾಗಲಿ ಆಲಾಯ್‌ಳನ್ನಾಗಲಿ ಆಡುವಾಗ ಹೆಚ್ಚು ಹೊತ್ತು ನಾವು ನೋಡುವುದು ಬೆನ್ನನ್ನು. ಅದಕ್ಕೆ ಕ್ಯಾಮೆರಾ ಹಿಂದೆ ಇರಲಿ, ಬಲ ಭುಜಕ್ಕಿಂತ ಸ್ವಲ್ಪ ಮೇಲೆ, ವ್ಯಕ್ತಿ ಚೌಕಟ್ಟಿನ ಎಡಕ್ಕೆ ಬರಲಿ, ಮುಂದೆ ಖಾಲಿ ರಸ್ತೆ ಕಾಣಲಿ. ಕೈ ಮೈಗೆ ಅಂಟಿಸದೆ ಸ್ವಲ್ಪ ಹೊರಗೆ, ಮಂಡಿ ಸ್ವಲ್ಪ ಸಡಿಲ. ಮೋಡ ಮುಚ್ಚಿದ ದಿನ ಒಳ್ಳೆಯದು, ನೆರಳು ಗಾಢವಾಗಿ ಬೀಳದೆ ಹಳೇ ಗೇಮ್‌ನ ಸಪ್ಪೆ ಬೆಳಕು ತಾನಾಗೇ ಸಿಗುತ್ತೆ. ಬಟ್ಟೆಯಲ್ಲಿ ಸಣ್ಣ ಸಣ್ಣ ಡಿಸೈನ್ ಬೇಡ.

ವಿಡಿಯೋ ಆದರೆ ಇನ್ನೂ ಮಜಾ. ಸುಮ್ನೆ ನಿಂತಾಗ ಭುಜ ಮೇಲೆ ಕೆಳಗೆ ಆಗುವ ಹಾಗೆ ಉಸಿರಾಡಲು ಹೇಳಿ, ಆಮೇಲೆ ಒಂದೇ ವೇಗದಲ್ಲಿ ನಡೆದು, ಬ್ರೇಕ್ ಹಾಕಿದ ಹಾಗೆ ನಿಂತು, ತಲೆ ತಿರುಗಿಸದೆ ಇಡೀ ಮೈ ಒಟ್ಟಿಗೆ ತಿರುಗಿಸಲಿ. ಗೋಡೆಗೆ ತಾಗಿಯೂ ನಡೆಯುತ್ತಲೇ ಇದ್ದರೆ ನೋಡುವವರು ಬಿದ್ದು ಬಿದ್ದು ನಗುತ್ತಾರೆ.

ನಮ್ಮ ಕಡೆಯವರಿಗೆ ಒಂದು ಪಾತ್ರ ಹೇಳುತ್ತೇನೆ: ಅನ್‌ಚಾರ್ಟೆಡ್ ದಿ ಲಾಸ್ಟ್ ಲೆಗಸಿಯ (2017) ಕ್ಲೋಯಿ ಫ್ರೇಜರ್. ಭಾರತೀಯ ಮೂಲದವಳು, ಕಥೆ ನಡೆಯುವುದೇ ಪಶ್ಚಿಮ ಘಟ್ಟದಲ್ಲಿ, ಹುಡುಕುವುದು ಹೊಯ್ಸಳರ ನಿಧಿ. ಕೆಂಪು ಶರ್ಟ್, ಹಿಂದಕ್ಕೆ ಕಟ್ಟಿದ ಕೂದಲು, ಇಷ್ಟಕ್ಕೇ ನಮ್ಮ ಎಷ್ಟೋ ಹುಡುಗಿಯರು ಅರ್ಧ ದಾರಿ ಬಂದಾಯ್ತು. ಹಾಗಂತ ಗೇಮ್‌ನಲ್ಲಿದ್ದ ಕಾಡು, ಜಲಪಾತ ಹುಡುಕಿಕೊಂಡು ಹಳೇಬೀಡಿಗೆ ಹೋಗಬೇಡಿ, ಅಲ್ಲಿರುವುದು ಬಯಲು, ಕೆರೆ, ದೇವಸ್ಥಾನ. ಮೊಬೈಲ್ ಸಾಕು. ಟ್ರೈಪಾಡ್‌ಗೆ ಪುರಾತತ್ವ ಇಲಾಖೆಯ ಅನುಮತಿ ಬೇಕು.

ಹೋಲಿಕೆ ಎಷ್ಟಿದ್ದರೆ "ಇದು ನಾನೇ" ಅನ್ನಬಹುದು? ಕೋರ್ಟ್ ಮೆಟ್ಟಿಲು ಹತ್ತಿದ ಪ್ರಶ್ನೆ ಇದು. ಜಿಟಿಎ 5ರ ಲೇಸಿ ಜೋನಾಸ್ ಪಾತ್ರ, ಅದೇ ಗೇಮ್‌ನ ಬಿಕಿನಿ ಹುಡುಗಿಯ ಚಿತ್ರ ಎರಡೂ ತನ್ನದೇ ರೂಪ ಅಂತ ನಟಿ ಲಿಂಡ್ಸೆ ಲೋಹಾನ್ 2014ರಲ್ಲಿ ಕೇಸು ಹಾಕಿದರು. ಆ ಪಾತ್ರ ಇಪ್ಪತ್ತರ ಹರೆಯದ ಯಾವುದೋ ಹುಡುಗಿಯ ಸಾಮಾನ್ಯ ಚಿತ್ರಣ, ಆ ಚಿತ್ರ ಈ ಕಾಲದ ಯಾವುದೋ ಬೀಚ್ ಹುಡುಗಿಯದು, ನೀವೇ ಅಂತ ಗುರುತಿಸುವ ಹಾಗಿಲ್ಲ ಎಂದು 2018ರಲ್ಲಿ ನ್ಯೂಯಾರ್ಕ್‌ನ ಮೇಲಿನ ಕೋರ್ಟ್ ತಳ್ಳಿಹಾಕಿತು. ಹೊಂಬಣ್ಣದ ಕೂದಲು, ಬಿಕಿನಿ, ಸೆಲ್ಫಿಗೆ ಹಿಡಿದ ಫೋನ್ ಎಷ್ಟೋ ಜನರಿಗೆ ಹೊಂದುತ್ತೆ, ಅಲ್ವಾ? ನನ್ನ ಕೇಳಿದರೆ ಕೋರ್ಟ್ ಹೇಳಿದ್ದು ಸರಿ. ಇನ್ನೊಂದು ಕಡೆ, ದಿ ಲಾಸ್ಟ್ ಆಫ್ ಅಸ್ ಗೇಮ್‌ನ 'ಎಲ್ಲಿ' (Ellie) ಅನ್ನುವ ಹುಡುಗಿಯನ್ನು ಮೊದಲು ತೋರಿಸಿದಾಗ ಅವಳು ನಟ ಎಲಿಯಟ್ ಪೇಜ್ ಅವರ ಥರ ಕಂಡಳು ಅಂತ ಮಾತಾಯಿತು, 2012ರಲ್ಲಿ ಅವಳ ಮುಖವನ್ನೇ ಬದಲಾಯಿಸಿದರು. ಅಲ್ಲಿ ಜನ ಹೇಳಿದ್ದು ಮುಖದ ಬಗ್ಗೆ, ಬಟ್ಟೆಯ ಬಗ್ಗೆ ಅಲ್ಲ.

ಬಸ್ಸಲ್ಲೋ ಮೆಟ್ರೋದಲ್ಲೋ ಕಂಡ ಅಪರಿಚಿತರ ಫೋಟೋ ಕದ್ದು ತೆಗೆಯಬೇಡಿ. ಗೊತ್ತಿದ್ದವರಾದರೂ ಮೊದಲು ಪಾತ್ರದ ಚಿತ್ರ ತೋರಿಸಿ, ಆಮೇಲೆ ಮಾತು. ದಪ್ಪಗಿರುವವರಿಗೆ ದಪ್ಪ ವಿಲನ್ ಹೆಸರಿಟ್ಟು ನಗುವುದು ಹೋಲಿಕೆ ಅಲ್ಲ, ಕಾಟ.

ಇದನ್ನೇ ಉಲ್ಟಾ ಮಾಡಿ, ನಿಮ್ಮ ಮುಖವನ್ನು ಗೇಮ್ ಒಳಗೆ ತಯಾರಿಸುವುದಾದರೆ ಸೆಲ್ಫಿ ನೋಡಿಕೊಂಡು ಮಾಡಬೇಡಿ, ಹತ್ತಿರದಿಂದ ತೆಗೆದದ್ದರಲ್ಲಿ ಮೂಗು ದೊಡ್ಡದಾಗಿ ಕಾಣುತ್ತೆ. ಯಾರಿಗಾದರೂ ಹೇಳಿ ದೂರ ನಿಂತು ಝೂಮ್ ಮಾಡಿ ಎದುರಿಂದ ಒಂದು, ಪಕ್ಕದಿಂದ ಒಂದು ತೆಗೆಸಿಕೊಳ್ಳಿ. ಮೊದಲು ತಲೆಯ ಆಕಾರ, ದವಡೆ, ಕೂದಲು, ಆಮೇಲೆ ಕಣ್ಣು, ಕೊನೆಗೆ ಮೂಗು. ಸೇವ್ ಮಾಡುವ ಮೊದಲು ಬಿಸಿಲು, ಕತ್ತಲೆ ಎರಡರಲ್ಲೂ ನೋಡುವ ಅವಕಾಶ ಇದ್ದರೆ ನೋಡಿ, ಎಡಿಟರ್‌ನ ಬೆಳಕಲ್ಲಿ ಎಲ್ಲರೂ ಚೆನ್ನಾಗೇ ಕಾಣುತ್ತಾರೆ. ನಮ್ಮೂರಿನ ದಪ್ಪ ಮೀಸೆ ಮಾತ್ರ ತುಂಬಾ ಗೇಮ್‌ಗಳಲ್ಲಿ ಸಿಗುವುದಿಲ್ಲ. ಇದ್ದದ್ದರಲ್ಲಿ ಹತ್ತಿರದ್ದು ಆರಿಸಿ, ಬಣ್ಣ ಒಂದು ಹಂತ ಕಪ್ಪು ಮಾಡಿ, ಜೊತೆಗೆ ಎರಡು ದಿನದ ಗಡ್ಡ ಸೇರಿಸಿ. ಪರವಾಗಿಲ್ಲ ಅನ್ನುವಷ್ಟು ಬರುತ್ತೆ.