ವಾಕ್ಯದ ವಿಧ ಗುರುತಿಸಬೇಕಾ? ಮೊದಲು ಕ್ರಿಯಾಪದ ಹುಡುಕಿ

ಇಂಗ್ಲಿಷ್ ವಾಕ್ಯ ಕಂಡ ತಕ್ಷಣ ಸುಮ್ನೆ ಊಹೆ ಮಾಡಬೇಡಿ. ಕ್ರಿಯಾಪದ ಎಲ್ಲಿದೆ ನೋಡಿ, ಅದರ ಕೆಳಗೆ ಗೆರೆ ಎಳೆಯಿರಿ. ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

‘ಅಂಡರ್ ದಿ ಓಲ್ಡ್ ಬ್ರಿಡ್ಜ್’ ಅನ್ನುವುದರಲ್ಲಿ ಸಬ್ಜೆಕ್ಟ್ (ವಾಕ್ಯ ಯಾರ ಅಥವಾ ಯಾವುದರ ಬಗ್ಗೆ ಇದೆಯೋ ಅದು) ಇಲ್ಲ, ಕ್ರಿಯಾಪದವೂ ಇಲ್ಲ, ಹಾಗಾಗಿ ಅದು ಬರೀ ಫ್ರೇಸ್, ಅಂದರೆ ಪದಗುಚ್ಛ. ‘ವೆನ್ ದಿ ರೈನ್ ಸ್ಟಾಪ್ಡ್’ ಅಂದರೆ ಎರಡೂ ಇವೆ, ಆದರೆ ಒಂಟಿಯಾಗಿ ನಿಲ್ಲುವುದಿಲ್ಲ, ಅದು ಉಪವಾಕ್ಯ. ಮುಂದೆ ‘ವಿ ವೆಂಟ್ ಔಟ್’ ಸೇರಿಸಿ, ಕಾಂಪ್ಲೆಕ್ಸ್ ವಾಕ್ಯ ಆಯ್ತು. ತಾವಾಗಿಯೇ ನಿಲ್ಲುವ ಎರಡು ವಾಕ್ಯಗಳನ್ನು ‘ಬಟ್’ ಜೋಡಿಸಿದ್ದರೆ ಕಾಂಪೌಂಡ್.

ಜಾಸ್ತಿ ಜನ ಎಡವುವುದು ವಾಯ್ಸ್‌ನಲ್ಲಿ, ಅಂದರೆ ಸಬ್ಜೆಕ್ಟ್ ತಾನೇ ಕೆಲಸ ಮಾಡುತ್ತಿದೆಯಾ (ಆ್ಯಕ್ಟಿವ್), ಅದರ ಮೇಲೆ ಕೆಲಸ ನಡೆಯುತ್ತಿದೆಯಾ (ಪ್ಯಾಸಿವ್) ಅನ್ನುವುದರಲ್ಲಿ. ‘ಬೈ’ ಕಂಡರೆ ಸಾಕು, ಪ್ಯಾಸಿವ್ ಅಂತ ಬರೆದುಬಿಡುತ್ತಾರೆ. ‘ಹಿ ವಾಸ್ ಸ್ಟ್ಯಾಂಡಿಂಗ್ ಬೈ ದಿ ಡೋರ್’ ನೋಡಿ, ‘ಬೈ’ ಇದ್ದರೂ ಆ್ಯಕ್ಟಿವ್, ಯಾಕಂದರೆ ನಿಂತಿರುವವನು ಅವನೇ. ‘ಮೈ ಸೈಕಲ್ ವಾಸ್ ಸ್ಟೋಲನ್’ ಅನ್ನುವುದರಲ್ಲಿ ‘ಬೈ’ ಇಲ್ಲ, ಆದರೂ ಪ್ಯಾಸಿವ್. ಸೈಕಲ್ ಏನೂ ಮಾಡಲಿಲ್ಲ, ಅಲ್ವಾ? ಈಸ್, ಆರ್, ವಾಸ್, ವರ್, ಬೀನ್ ತರಹದ್ದೊಂದು ಇದೆಯಾ, ಅದರ ಜೊತೆ ಕ್ರಿಯಾಪದದ ಮೂರನೇ ರೂಪ (‘ಸ್ಟೋಲನ್’ ತರಹ) ಇದೆಯಾ, ಕೆಲಸ ಸಬ್ಜೆಕ್ಟ್ ಮೇಲೆ ನಡೆಯುತ್ತಿದೆಯಾ ಅಂತ ನೋಡಿ. ಮೂರಕ್ಕೂ ಹೌದು ಅಂದರೆ ಪ್ಯಾಸಿವ್.

ನಮಗೆ ಇದು ಕಷ್ಟ ಅನಿಸುವುದು ಸಹಜ. ‘ಬರೆಯಲ್ಪಟ್ಟಿತು’ ಅಂತ ಮಾತಿನಲ್ಲಿ ಯಾರೂ ಹೇಳುವುದಿಲ್ಲ, ಹಾಗಾಗಿ ಕಿವಿಗೆ ಅಭ್ಯಾಸವಿಲ್ಲ.

ಇನ್ನೊಂದು ಮಾತು: ‘ಸ್ಲೀಪ್’, ‘ಅರೈವ್’ ತರಹದ ಕ್ರಿಯಾಪದಗಳಿಗೆ ಆಬ್ಜೆಕ್ಟ್ (ಕೆಲಸ ಯಾವುದರ ಮೇಲೆ ನಡೆಯುತ್ತದೋ ಅದು) ಇರುವುದಿಲ್ಲ, ಅಂಥ ವಾಕ್ಯವನ್ನು ಪ್ಯಾಸಿವ್ ಮಾಡಲು ಒದ್ದಾಡಬೇಡಿ.