ಕ್ವಾರಂಟೈನ್ ಕೋಣೆಯಿಂದ ಸಂಗೀತ ಪಾಠ

2020ರ ಮಾರ್ಚ್ 25ರ ಕೋವಿಡ್ ಲಾಕ್‌ಡೌನ್ ಸಂಗೀತ ಕಛೇರಿಗಳನ್ನು ನಿಲ್ಲಿಸಿದ ಮೇಲೆ ಅನೇಕ ಗಾಯಕರಿಗೆ ಆನ್‌ಲೈನ್ ಪಾಠವೇ ಸಂಪಾದನೆಯಾಯಿತು. ಕ್ವಾರಂಟೈನ್ ಎಂದು ಒಂದೇ ಕೋಣೆಯಲ್ಲಿದ್ದರೂ ಅದನ್ನು ನಡೆಸಬಹುದು. ಜ್ವರ, ಕೆಮ್ಮು ಇದ್ದರೆ ಮಾತ್ರ ಗಂಟಲಿಗೆ ಪೂರ್ತಿ ರಜೆ.

ಮೊದಲು ಜೂಮ್‌ನ ಆಡಿಯೊ ಸೆಟ್ಟಿಂಗ್ಸ್‌ನಲ್ಲಿ ‘ಒರಿಜಿನಲ್ ಸೌಂಡ್’ ಆನ್ ಮಾಡಿ. ಇಲ್ಲದಿದ್ದರೆ ತಂಬೂರಿಯ ನಾದವನ್ನು ಅದು ಫ್ಯಾನಿನ ಸದ್ದೆಂದು ಎಣಿಸಿ ನುಂಗುತ್ತದೆ. ಉದ್ದಕ್ಕೆ ಹಿಡಿದ ಷಡ್ಜವೂ (‘ಸ’ ಸ್ವರ) ನಡುವೆ ಮಾಯ. ಇಯರ್‌ಫೋನ್ ತಂತಿಯದ್ದೇ ಇರಲಿ, ಬ್ಲೂಟೂತ್ ದನಿಯನ್ನು ಇನ್ನಷ್ಟು ತಡಮಾಡುತ್ತದೆ. ಮೈಕ್ ಬಾಯಿಂದ ಒಂದು ಗೇಣು ದೂರ. ಬರಿಗೋಡೆ ಗುಂಯ್‌ಗುಟ್ಟಿದರೆ ಕಂಬಳಿ ತೂಗುಹಾಕಿ.

ಜೊತೆಯಲ್ಲಿ ಹಾಡಿಸುವ ಆಸೆ ಬಿಡಿ. ದನಿ ಹೋಗಿ ಬರುವಷ್ಟರಲ್ಲಿ ತಾಳ ಜಾರಿರುತ್ತದೆ; ಅದಕ್ಕೆ ಶಿಷ್ಯರನ್ನು ಬೈಯುವುದು ಅನ್ಯಾಯ. ನೀವು ಒಂದು ಆವರ್ತ (ತಾಳದ ಒಂದು ಸುತ್ತು) ಹಾಡಿ ನಿಲ್ಲಿಸಿ, ಆಮೇಲೆ ಅವರು ತಮ್ಮದೇ ಶ್ರುತಿಪೆಟ್ಟಿಗೆ ಇಟ್ಟುಕೊಂಡು, ತಾವೇ ತಾಳ ಹಾಕುತ್ತ ಒಪ್ಪಿಸಲಿ. ಗಮಕದ, ಅಂದರೆ ಸ್ವರದ ಬಳುಕಿನ, ಸೂಕ್ಷ್ಮ ದುರ್ಬಲ ನೆಟ್‌ವರ್ಕಿನಲ್ಲಿ ಸೋರಿಹೋಗುತ್ತದೆ. ಹಾಗೆ ಸೋರುವ ಸಾಲನ್ನಷ್ಟೇ ಫೋನಿನಲ್ಲಿ 2 ನಿಮಿಷ ರೆಕಾರ್ಡ್ ಮಾಡಿ, ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿ, ಗುಣಮಟ್ಟ ಕುಗ್ಗುವುದಿಲ್ಲ.

ಜೂಮ್‌ನ ಉಚಿತ ಖಾತೆಯಲ್ಲಿ ಪಾಠ 40 ನಿಮಿಷಕ್ಕೆ ಕಡಿಯುತ್ತದೆ. 35ನೇ ನಿಮಿಷದಲ್ಲಿ ಹೊಸ ವರ್ಣ (ಉದ್ದದ ಅಭ್ಯಾಸ ರಚನೆ) ಎತ್ತಿಕೊಳ್ಳಬೇಡಿ. ಶುಲ್ಕ? ಸಂಕೋಚ ಬೇಡ, ತಿಂಗಳ ಆರಂಭದಲ್ಲೇ ಯುಪಿಐನಲ್ಲಿ ಕೇಳಿ.